ಎರಡು ಗೆರೆ

ರಾಯಲ್ಪಾಡಿನಿಂದ ಶ್ರೀನಿವಾಸಪುರಕ್ಕೆ ಸಂಜೆ ಬಸ್ಸು.
ತೊಡೆಯ ಮೇಲೆ ಐಸ್ ಡಬ್ಬಿ, ಒಳಗೆ
ನೇರಳೆ ಮುಚ್ಚಳದ ಹನ್ನೊಂದು ಕೊಳವೆ.
ಕಂಡಕ್ಟರ್ ಕೇಳಿದ: ಮೀನಾ?
ಅಲ್ಲ, ಅಂದೆ. ಒಂದು ಮನೆತನ.
ಲಗೇಜು ಟಿಕೆಟ್ಟು ಹರಿಯಲಿಲ್ಲ, ಪುಣ್ಯಾತ್ಮ.

ಬೆಳಿಗ್ಗೆ ಪಿಳ್ಳಮ್ಮನ ಪಡಸಾಲೆಯಲ್ಲಿ
ಒಪ್ಪಿಗೆ ಪತ್ರದ ಬೆನ್ನಿಗೆ ವಂಶ ಬರೆಯಲು ಕೂತಿದ್ದೆ.
ಗಂಡಿಗೆ ಚೌಕ, ಹೆಣ್ಣಿಗೆ ದುಂಡು,
ಹೋದವರ ಮೇಲೊಂದು ಓರೆ ಗೆರೆ,
ಕಾಯಿಲೆಯಿದ್ದರೆ ಒಳಗೆಲ್ಲ ಕಪ್ಪು.
ಗಂಡಹೆಂಡಿರ ನಡುವೆ ಒಂದು ಗೆರೆ,
ಮೊದಲೇ ರಕ್ತದ ನೆಂಟರಾದರೆ ಎರಡು.

'ಇವನು ಅಕ್ಕನ ಮಗಳನ್ನೇ ತಂದ್ಕೊಂಡ.'
ಎರಡು.
'ಇವಳನ್ನ ಸೋದರತ್ತೆ ಮಗನಿಗೆ ಕೊಟ್ವಿ.'
ಎರಡು.
'ಇದು ಮಾತ್ರ ಹೊರಗಿನ ಸಂಬಂಧ, ಮದನಪಲ್ಲಿ ಕಡೇದು.'
ಒಂದು ಎಳೆದು ಪೆನ್ನು ಎತ್ತಿದೆ.
'ಹೊರಗಿಂದು ಅಂದ್ರೆ, ನಮ್ಮತ್ತೆಯ ತಂಗಿ ಮೊಮ್ಮಗಳು.'
ಎರಡು.

ಕೊನೆಯ ಸಾಲಿನಲ್ಲಿ ಕಪ್ಪು ದುಂಡು: ಹಾಸಿನಿ.
ನಾಲ್ಕು ವರ್ಷ. ಗೋಡೆಗೆ ಆನಿಸಿ ಕೂರಿಸಿದರೆ ಕೂರುತ್ತಾಳೆ,
ನನ್ನ ಪೆನ್ನಿನ ಟಕ್ ಸದ್ದಿಗೆ ನಗುತ್ತಾಳೆ,
ನಕ್ಕ ಭಾರಕ್ಕೇ ವಾಲುತ್ತಾಳೆ.
ಎರಡು ವರ್ಷದ ಹಿಂದಿನ ವರದಿಯನ್ನು ಅವಳಮ್ಮ ಸುಗುಣ
ರೇಷನ್ ಕಾರ್ಡಿನ ಕವರಿನಲ್ಲಿ ಇಟ್ಟಿದ್ದಾಳೆ:
ಮುನ್ನೂರು ಕೋಟಿ ಅಕ್ಷರದಲ್ಲಿ ಒಂದು ಬೇರೆಯಾಗಿದೆ,
ಅರ್ಥ ಸದ್ಯಕ್ಕೆ ತಿಳಿಯದು.
ಹೋಲಿಸಿ ನೋಡಲು ಲೋಕದ ಕಣಜದಲ್ಲಿ
ನಿಮ್ಮಂಥವರ ಕಾಳು ಕಡಿಮೆ, ಅದಕ್ಕೇ ಬಂದೆ, ಅಂದೆ.
'ನಾವು ಇಷ್ಟು ಜನ ಇದ್ದೀವಲ್ಲ' ಅಂದಳು ಸುಗುಣ.

ಅಕ್ಕಲಪ್ಪ ಮೂಲೆಯಲ್ಲಿ ಕೂತು ಕೇಳುತ್ತಿದ್ದ.
ನಲವತ್ತು ವರ್ಷ ಮಾವಿಗೆ ಕಸಿ ಕಟ್ಟಿದ ಕೈ.
'ವಾಟೆ ನೆಟ್ಟರೆ ಏನು ಬರುತ್ತೋ ವಾಟೆಗೂ ಗೊತ್ತಿಲ್ಲ.
ಬಾದಾಮಿ ಕಡ್ಡಿ ಕಟ್ಟಿದ್ರೆ ಬಾದಾಮೀನೇ.
ಆ ಒಂದು ಅಕ್ಷರ ಕೊಯ್ದು ಬೇರೆ ಕಟ್ಟೋಕೆ ಆಗಲ್ವಾ?'
ಕತ್ತರಿ ಬಂದಿದೆ ತಾತ,
ಹಿಡಿದ ಕೈ ಇನ್ನೂ ಪಳಗಬೇಕು.
ಪಳಗಿದ ಮೇಲೆ?
ಪಳಗಿದ ಮೇಲೆ ಬೆಲೆ ಕೇಳಬೇಕು.
ಅವನು ತೋಟದ ಕಡೆ ನೋಡಿದ.
ಲೆಕ್ಕ ಹಾಕುತ್ತಿದ್ದನೋ, ಸುಮ್ಮನೆ ನೋಡಿದನೋ.

ಹನ್ನೆರಡು ಲೇಬಲ್ಲು ತಂದಿದ್ದೆ.
ಸುಗುಣಳ ತಂಗಿ ಮಾತ್ರ ಮುಷ್ಟಿ ಬಿಚ್ಚಲಿಲ್ಲ.
'ಬರೋ ಮಾಘದಲ್ಲಿ ನೋಡೋಕೆ ಬರ್ತಾರಂತೆ.
ಆಮೇಲೆ ಜಾತಕದ ಜೊತೆ ಇದನ್ನೂ ಕೇಳಿದ್ರೆ?'
ಯಾರೂ ಕೇಳುವಂತಿಲ್ಲ, ಅನ್ನುತ್ತದೆ ನನ್ನ ಕಾಗದ.
ಅವಳು ಕಾಗದ ನೋಡಲಿಲ್ಲ, ನನ್ನ ಮುಖ ನೋಡಿದಳು.
ಹನ್ನೆರಡನೆಯ ಲೇಬಲ್ಲು ಮಡಚಿ ಜೇಬಿಗೆ ಹಾಕಿಕೊಂಡೆ.

ಹೊರಟಾಗ ಪಿಳ್ಳಮ್ಮ ಮಜ್ಜಿಗೆ ನೆಪದಲ್ಲಿ ಬೇಲಿವರೆಗೆ ಬಂದಳು.
ಮೂರನೆಯ ಸಾಲಿನ ಒಂದು ಚೌಕದ ಮೇಲೆ ಬೆರಳಿಟ್ಟಳು,
ಅದರಿಂದ ಕೆಳಗಿಳಿದ ಗೆರೆಯ ಮೇಲೆ.
'ಅಮ್ಮಣ್ಣಿ, ಇದನ್ನ ಇಷ್ಟು ಗಟ್ಟಿಯಾಗಿ ಬರೀಬೇಡ.'
ನಾನು ಮಾತಾಡಲಿಲ್ಲ.
'ನಿಮ್ಮ ಮಿಷನ್ನು ಸುಳ್ಳು ಹೇಳಲ್ಲ ಅಂದ್ಯಲ್ಲ,
ಅದಕ್ಕೆ ಸುಮ್ಮನಿರೋಕೆ ಬರ್ತದಾ?'

ಹದಿನಾಲ್ಕು ಪುಟದ ಒಪ್ಪಿಗೆ ಪತ್ರದಲ್ಲಿ
ಈ ಪ್ರಶ್ನೆಗೆ ಜಾಗ ಬಿಟ್ಟಿಲ್ಲ.
ಹೆಸರು ಅಳಿಸಿ ಅಂಕಿ ಹಾಕುತ್ತೇವೆ, ಬೀಗ ಹಾಕುತ್ತೇವೆ.
ಇಪ್ಪತ್ತು ವರ್ಷದ ಮೇಲೆ ಕೀಲಿ ಯಾರ ಸೊಂಟದಲ್ಲೋ.
ಆದರೂ ಈ ಹನ್ನೊಂದರ ನೆರವಿನಿಂದ
ಆ ಒಂದು ಅಕ್ಷರಕ್ಕೆ ಅರ್ಥ ಸಿಕ್ಕರೆ,
ಇನ್ನೆಲ್ಲೋ, ಚಿಂತಾಮಣಿಯ ಆಚೆ ಯಾವುದೋ ಹಟ್ಟಿಯಲ್ಲಿ,
ಕತ್ತು ನಿಲ್ಲದ ಕೂಸಿನ ತಾಯಿ
ನಾಲ್ಕು ವರ್ಷ ಆಸ್ಪತ್ರೆ ಆಸ್ಪತ್ರೆ ಅಲೆಯದೆ
ನಾಲ್ಕು ವಾರಕ್ಕೇ ಕಾಯಿಲೆಯ ಹೆಸರು ಕೇಳಿಯಾಳು.
ಹೆಸರು ಮದ್ದಲ್ಲ, ಗೊತ್ತು.

ಕಿಟಕಿಯಾಚೆ ಮಾವಿನ ಸಾಲು,
ಒಂದೇ ಮರದ ಸಾವಿರ ಮರ.
ನನ್ನ ಅಪ್ಪ ಅಮ್ಮನ ನಡುವೆಯೂ ಎರಡು ಗೆರೆ.
ನಾನೇ ಎಳೆದದ್ದು, ತರಬೇತಿಯ ಮೊದಲ ದಿನ.

ಆ ಚೌಕದ ಗೆರೆಯನ್ನು ಅಳಿಸಿ
ಪೆನ್ಸಿಲ್ಲಿನಲ್ಲಿ ತೆಳುವಾಗಿ ಎಳೆದಿದ್ದೇನೆ.
ಹಳ್ಳ ಬಂದಾಗೆಲ್ಲ ಬಸ್ಸು ಕುಲುಕುತ್ತದೆ.
ಡಬ್ಬಿಯೊಳಗೆ ಹನ್ನೊಂದು ಜನ
ಒಬ್ಬರಿಗೊಬ್ಬರು ತಾಗುವ ಸದ್ದು.